ಕಥೆಗೆ ಚಿತ್ರ, ಚಿತ್ರಕ್ಕೆ ಕಥೆ: ಇಬ್ಬರು ಸೇರಿ ಕೊಡು-ಕೊಳ್ಳು ಮಾಡೋದು ಹೇಗೆ

"ನಾನು ಕಥೆ ಬರೀತೀನಿ, ಅದನ್ನ ಓದಿ ಚಿತ್ರ ಮಾಡೋರು ಯಾರಾದ್ರೂ ಸಿಗ್ತಾರಾ?" ಅಂತ ಒಂದಷ್ಟು ಜನ ಕೇಳ್ತಾನೇ ಇರ್ತಾರೆ, ಇನ್ನೊಂದಷ್ಟು ಜನ "ನನ್ನ ಚಿತ್ರಗಳಿಗೆ ಯಾರಾದ್ರೂ ಕವಿತೆ ಬರೆದ್ರೆ ಚೆನ್ನಾಗಿರತ್ತೆ, ಹೇಗೆ ಶುರು ಮಾಡೋದು?" ಅಂತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರೆದಿಡ್ತಿದ್ದೀನಿ. ಕನ್ನಡದಲ್ಲಿ ಕಥೆನೂ ಬರೀತೀವಿ, ಚಿತ್ರನೂ ಬರೀತೀವಿ, ಎರಡಕ್ಕೂ ಒಂದೇ ಕ್ರಿಯಾಪದ, ಆದ್ರೂ ಈ ಎರಡು ಥರ ಬರೆಯೋರು ಒಬ್ಬರ ಕೆಲಸವನ್ನ ಇನ್ನೊಬ್ಬರು ಕೂತು ನಿಧಾನಕ್ಕೆ ನೋಡೋದು ಕಮ್ಮಿ, ಅದು ನನಗೆ ನಿಜವಾಗ್ಲೂ ಬೇಜಾರು.

ಪದ್ಧತಿ ಸರಳ ಇದೆ. ಒಬ್ಬ ಬರಹಗಾರ, ಒಬ್ಬ ಚಿತ್ರಕಾರ. ಇಬ್ಬರೂ ತಾವು ಈಗಾಗ್ಲೇ ಮುಗಿಸಿರೋ ಒಂದೊಂದು ತುಣುಕನ್ನ ಇನ್ನೊಬ್ಬರಿಗೆ ಕೊಡ್ತಾರೆ. ಇದನ್ನ ಮೂಲ ತುಣುಕು ಅಂತ ಕರೆಯೋಣ. ಗೊತ್ತು ಮಾಡಿಕೊಂಡ ದಿನದೊಳಗೆ ಚಿತ್ರಕಾರ ಆ ಬರಹಕ್ಕೆ ಒಂದು ಹೊಸ ಚಿತ್ರ ಮಾಡ್ತಾನೆ, ಬರಹಗಾರ ತನಗೆ ಸಿಕ್ಕ ಮೂಲ ಚಿತ್ರಕ್ಕೆ ಒಂದು ಹೊಸ ಬರಹ ಬರೀತಾನೆ, ಕೊನೆಗೆ ನಾಲ್ಕು ತುಣುಕು ಕೈಲಿರತ್ತೆ.

ಬೇಕಾಗೋದು ಇಷ್ಟು: ಜೋಡಿ, ಇಬ್ಬರ ಹತ್ರನೂ ಮುಗಿದಿರೋ ಒಂದೊಂದು ತುಣುಕು, ಹತ್ತರಿಂದ ಹದಿನೈದು ದಿನ, ಒಂದು ಪುಟದ ಲಿಖಿತ ಒಪ್ಪಂದ. ದುಡ್ಡು ಬೇಕಾಗಿಲ್ಲ, ದೊಡ್ಡ ಸಾಫ್ಟ್‌ವೇರ್ ಕೂಡ ಬೇಕಾಗಿಲ್ಲ, ಕ್ರಿತಾ ಥರ ಉಚಿತವಾಗಿ ಸಿಗೋದು ಸಾಕು, ಪೆನ್ಸಿಲ್ಲೂ ಪೇಪರ್ರೂ ಇದ್ರೂ ಆಯ್ತು.

1. ಮೊದಲು ಯಾವ ಥರದ ಚಿತ್ರ ಅಂತ ತೀರ್ಮಾನ ಮಾಡಿ

ಜಗಳಗಳೆಲ್ಲ ಹುಟ್ಟೋದು ಇಲ್ಲೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ.

ಮಾತಿನಿಂದ ಚಿತ್ರ ಹುಟ್ಟೋದ್ರಲ್ಲಿ ಎರಡು ದಾರಿ ಇದೆ. ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಅನ್ನೋ ಚಿತ್ರಗಳಿರೋ ಗ್ರಂಥ ಇದೆಯಲ್ಲ, ಅದರಲ್ಲಿ ಒಂದೊಂದು ದೇವತೆಗೂ ಧ್ಯಾನಶ್ಲೋಕ ಇದೆ, ಶ್ಲೋಕ ಹೇಳಿದ ಪ್ರಕಾರನೇ ಚಿತ್ರ ಇದೆ. ಎಷ್ಟು ಕೈ, ಯಾವ ಕೈಲಿ ಯಾವ ಆಯುಧ, ಮೈಬಣ್ಣ ಏನು, ವಾಹನ ಯಾವುದು ಅಂತ ಶ್ಲೋಕ ಹೇಳತ್ತೆ, ಚಿತ್ರಕಾರ ಅದನ್ನ ಪಾಲಿಸ್ತಾನೆ. ಪಠ್ಯಪುಸ್ತಕದ ಚಿತ್ರ, ಅಡುಗೆ ಪುಸ್ತಕದ ಚಿತ್ರ ಎಲ್ಲ ಈ ದಾರಿನೇ, ಮತ್ತೆ ಇದು ಕೀಳು ಕೆಲಸ ಖಂಡಿತ ಅಲ್ಲ, ಬಹಳ ಶಿಸ್ತು ಬೇಡೋ ಕೆಲಸ.

ಇನ್ನೊಂದು ದಾರಿಗೆ ಚಿತ್ರಕಾರ ಬಿ.ಕೆ.ಎಸ್. ವರ್ಮಾ ಅವರನ್ನ ನೆನಪು ಮಾಡ್ಕೊಳ್ಳಿ. ಶತಾವಧಾನಿ ಆರ್. ಗಣೇಶ್ ಅವರ ಜೊತೆ ಕಾವ್ಯಚಿತ್ರ ಅಂತ ವೇದಿಕೆ ಮೇಲೆ ಮಾಡ್ತಿದ್ರು, ಒಬ್ಬರು ಆಶುಕವಿತೆ ಕಟ್ತಾರೆ, ಇನ್ನೊಬ್ಬರು ಕುಂಚ ಹಿಡಿದು ಅಲ್ಲೇ ಚಿತ್ರ ಮಾಡ್ತಾರೆ. ಅಲ್ಲಿ ಯಾರೂ ಯಾರಿಗೂ ಆರ್ಡರ್ ಕೊಡ್ತಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡ್ತಿದ್ದಾರೆ.

ಕೊಡು-ಕೊಳ್ಳು ಅಂದ್ರೆ ಈ ಎರಡನೇ ದಾರಿ. ನಿಮಗೆ ನಿಮ್ಮ ಮಕ್ಕಳ ಕಥೆಗೆ ಪುಟಪುಟಕ್ಕೂ ಕಥೇಲಿದ್ದ ಹಾಗೇ ಚಿತ್ರ ಬೇಕು ಅಂದ್ರೆ ಅದು ಮೊದಲನೇ ದಾರಿ, ಅದಕ್ಕೆ ಚಿತ್ರಕಾರರಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿ. ದಯವಿಟ್ಟು ಅದನ್ನ "ಇಬ್ಬರಿಗೂ ಸ್ಫೂರ್ತಿ" ಅನ್ನೋ ಹೆಸರಲ್ಲಿ ಪುಕ್ಕಟೆ ಕೇಳ್ಬೇಡಿ. ಈ ಗೊಂದಲದಿಂದಲೇ ಎಷ್ಟೋ ಒಳ್ಳೆ ಚಿತ್ರಕಾರರು ಬರಹಗಾರರ ಸಹವಾಸ ಬೇಡ ಅಂತ ದೂರ ಹೋಗಿದಾರೆ.

2. ಜೋಡಿ ಹುಡುಕೋದು

ಚಿತ್ರಕಾರರು ಎಲ್ಲಿ ಸಿಗ್ತಾರೆ ಅಂದ್ರೆ, ಹತ್ತಿರದ ಆರ್ಟ್ ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಹೋಗಿ, ಬೆಂಗಳೂರಲ್ಲಿದ್ರೆ ಜನವರಿಯಲ್ಲಿ ಕುಮಾರಕೃಪಾ ರಸ್ತೇಲಿ ನಡೆಯೋ ಚಿತ್ರಸಂತೆಗೆ ಹೋಗಿ, ಆದ್ರೆ ಅವತ್ತು ಅವರು ವ್ಯಾಪಾರದಲ್ಲಿರ್ತಾರೆ, ಅಲ್ಲೇ ನಿಂತು ನಿಮ್ಮ ಕಥೆ ಹೇಳ್ಬೇಡಿ, ಕಾರ್ಡ್ ಇಸ್ಕೊಂಡು ಬಂದು ಆಮೇಲೆ ಬರೀರಿ. ದೀಪಾವಳಿ ವಿಶೇಷಾಂಕಗಳಲ್ಲಿ ಕಥೆ ಪಕ್ಕದ ಚಿತ್ರದ ಮೂಲೇಲಿ ಸಹಿ ಇರತ್ತೆ, ಅದನ್ನ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಮೊದಲ ಮೆಸೇಜಲ್ಲಿ ಏನಿರ್ಬೇಕು ಅಂದ್ರೆ, ಅವರ ಯಾವ ಚಿತ್ರ ನಿಮ್ಮನ್ನ ನಿಲ್ಲಿಸ್ತು, ಯಾಕೆ, ನೀವು ಏನು ಬರೀತೀರಿ, ಎಷ್ಟು ದಿನದ ಕೆಲಸ, ದುಡ್ಡು ಇದೆಯಾ ಇಲ್ವಾ, ಇಷ್ಟೇ. "ನಿಮ್ಮ ಆರ್ಟ್ ಸೂಪರ್, ಕೊಲಾಬ್ ಮಾಡೋಣ್ವಾ" ಅನ್ನೋ ಮೆಸೇಜ್ ಅವರಿಗೆ ವಾರಕ್ಕೆ ಹತ್ತು ಬರತ್ತೆ.

ವಿದೇಶದಲ್ಲಿ ಬೆಳೆದ ಕನ್ನಡದ ಚಿತ್ರಕಾರರು ತುಂಬಾ ಜನ ಇದ್ದಾರೆ, ಮಾತು ಚೆನ್ನಾಗಿ ಬರತ್ತೆ ಆದ್ರೆ ಓದೋಕೆ ಬರಲ್ಲ. ಅವರನ್ನ ಬಿಟ್ಟುಬಿಡ್ಬೇಡಿ. ನಿಮ್ಮ ಕವಿತೆನ ನಿಮ್ಮ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ ಕಳಿಸಿ, ಅಕ್ಷರದಲ್ಲಿ ಓದಿದ್ದಕ್ಕಿಂತ ಒಳ್ಳೆ ಚಿತ್ರ ಬಂದ್ರೂ ಬರತ್ತೆ, ಯಾಕಂದ್ರೆ ನೀವು ಎಲ್ಲಿ ಉಸಿರು ತಗೊಂಡ್ರಿ ಅನ್ನೋದು ಅವರಿಗೆ ಕೇಳಿಸತ್ತೆ. ಕಡೇ ದಿನ ಗೊತ್ತು ಮಾಡುವಾಗ ಮಾತ್ರ ಯಾವ ಊರಿನ ಗಂಟೆ ಅಂತ ಬರೀರಿ. ನಮ್ಮ ಭಾನುವಾರ ಬೆಳಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಶನಿವಾರ.

ಜೋಡಿ ಸಿಗೋ ತನಕ ಒಬ್ಬರೇ ಅಭ್ಯಾಸ ಮಾಡ್ಬಹುದು. ಬರಹಗಾರರು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಿ, ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ, ಅಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳಿದಾವೆ, ಒಂದರ ಮುಂದೆ ನಿಂತು ಅರ್ಧ ಪುಟ ಬರೀರಿ. ಚಿತ್ರಕಾರರು ಮುದ್ದಣ ಮನೋರಮೆಯರ ಸಲ್ಲಾಪದ ಒಂದು ಭಾಗ ತಗೊಂಡು ಚಿತ್ರ ಮಾಡಿ.

3. ಒಂದು ಪುಟದ ಒಪ್ಪಂದ

ಸ್ನೇಹಿತರೇ ಆಗಿದ್ರೂ ಇದು ಬೇಕು, ಸ್ನೇಹಿತರಾಗಿದ್ರೆ ಇನ್ನೂ ಬೇಕು. ಇಮೇಲಲ್ಲಿ ಬರೆದು ಇಬ್ಬರೂ ಒಪ್ಪಿಗೆ ಅಂತ ಉತ್ತರ ಕೊಟ್ರೆ ಈ ಮಟ್ಟದ ಕೆಲಸಕ್ಕೆ ಆಗತ್ತೆ, ಪುಸ್ತಕ ಮಾರಾಟ ಅಂತ ಬಂದ್ರೆ ಕಾಗದದ ಮೇಲೆ ಸಹಿ ಮಾಡಿ.

ಬರೆಯಬೇಕಾದ್ದು: ಮೂಲ ತುಣುಕು ಯಾವುದು, ಕಡೇ ದಿನ ಯಾವುದು, ತಡ ಆದ್ರೆ ಎಷ್ಟು ದಿನ ಕಾಯೋದು, ಕರಡು ಎಷ್ಟು ಸಲ ತೋರಿಸೋದು, ಎಲ್ಲಿ ಪ್ರಕಟ ಮಾಡೋದು, ಹೆಸರು ಹೇಗೆ ಹಾಕೋದು, ಮುಂದೆ ದುಡ್ಡು ಬಂದ್ರೆ ಹಂಚಿಕೆ ಹೇಗೆ, ಒಬ್ಬರು ಅರ್ಧಕ್ಕೆ ಬಿಟ್ರೆ ಇನ್ನೊಬ್ಬರು ತಮ್ಮ ಕೆಲಸ ಬೇರೆ ಕಡೆ ಬಳಸ್ಬಹುದಾ. ಇನ್ನೊಂದು ಈಗ ಸೇರಿಸಲೇಬೇಕು: ಎಐ ಬಳಸಿ ಚಿತ್ರ ಅಥವಾ ಬರಹ ತಯಾರಿಸೋದು ಒಪ್ಪಿಗೆನಾ ಇಲ್ವಾ, ಇನ್ನೊಬ್ಬರ ತುಣುಕನ್ನ ಎಐ ಟೂಲಿಗೆ ಹಾಕಬಹುದಾ ಅಂತ. ನನ್ನ ಅಭಿಪ್ರಾಯ ಕೇಳಿದ್ರೆ ಎರಡೂ ಬೇಡ, ಇಡೀ ಆಟ ಇರೋದೇ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಕೆಲಸ ಕೂತು ನೋಡೋದ್ರಲ್ಲಿ. ನೀವು ಬೇರೆ ಥರ ತೀರ್ಮಾನ ಮಾಡಿದ್ರೂ ಪರವಾಗಿಲ್ಲ, ಮೊದಲೇ ಮಾಡಿ.

ಕಾನೂನು ತಿಳ್ಕೊಂಡಿರ್ಬೇಕಾದಷ್ಟು ಹೇಳ್ತೀನಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕೃತಿ ಮಾಡಿದವರೇ ಮೊದಲ ಹಕ್ಕುದಾರರು, ನೋಂದಣಿ ಮಾಡ್ಲೇಬೇಕು ಅಂತಿಲ್ಲ. ಆದ್ರೆ 17ನೇ ಕಲಮಿನಲ್ಲಿ ಒಂದು ವಿನಾಯ್ತಿ ಇದೆ, ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರ ಆದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಮೊದಲ ಹಕ್ಕು ಬರೆಸಿದವರದ್ದು. ಚಿತ್ರಕಾರರು ಇದನ್ನ ಓದಿ ಗಾಬರಿ ಆಗ್ತಾರೆ, ಆಗ್ಬೇಡಿ, "ಹಕ್ಕು ಚಿತ್ರಕಾರರಲ್ಲೇ ಉಳಿಯತ್ತೆ" ಅಂತ ಒಂದು ಸಾಲು ಬರೆದ್ರೆ ಮುಗೀತು. 19ನೇ ಕಲಮಿನ ಪ್ರಕಾರ ಹಕ್ಕು ಬೇರೆಯವರಿಗೆ ಕೊಡೋದಾದ್ರೆ ಅದು ಬರಹದಲ್ಲೇ ಇರ್ಬೇಕು, ಎಷ್ಟು ವರ್ಷಕ್ಕೆ ಅಂತ ಬರೀದೇ ಹೋದ್ರೆ 5 ವರ್ಷ ಅಂತ ಲೆಕ್ಕ, ಯಾವ ಜಾಗಕ್ಕೆ ಅಂತ ಬರೀದಿದ್ರೆ ಭಾರತದೊಳಗೆ ಅಂತ ಲೆಕ್ಕ. ಹಕ್ಕು ಮಾರಿದ ಮೇಲೂ ಮಾರಲ್ ರೈಟ್ಸ್ ಅಂತ ಉಳಿಯತ್ತೆ, ಅಂದ್ರೆ ಇದು ನನ್ನ ಕೃತಿ ಅಂತ ಹೇಳ್ಕೊಳ್ಳೋ ಹಕ್ಕು, ನನ್ನ ಮರ್ಯಾದೆಗೆ ಧಕ್ಕೆ ಬರೋ ಹಾಗೆ ಅದನ್ನ ತಿರುಚಬೇಡಿ ಅನ್ನೋ ಹಕ್ಕು, ಇದು 57ನೇ ಕಲಮು.

ಎಚ್ಚರಿಕೆ: ಮೂಲ ತುಣುಕು ನಿಮ್ಮದೇ ಆಗಿರ್ಬೇಕು. ಹಳಬರ ಕವಿತೆ ತಗೊಂಡು ಮಾಡೋಣ ಅಂದ್ರೆ ವರ್ಷ ಲೆಕ್ಕ ಹಾಕಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರತ್ತೆ. ಮುದ್ದಣ ತೀರಿಕೊಂಡಿದ್ದು 1901, ಪಂಜೆ ಮಂಗೇಶರಾಯರು 1937, ಗೋವಿಂದ ಪೈ 1963, ಇವರ ಬರಹ ಈಗ ಎಲ್ಲರದ್ದು. ಬೇಂದ್ರೆ ಹೋಗಿದ್ದು 1981, ಹಾಗಾಗಿ 2041 ಮುಗಿಯೋವರೆಗೂ ಅನುಮತಿ ಬೇಕು, ಕುವೆಂಪು 1994, ಅಂದ್ರೆ 2054 ಮುಗಿಯೋವರೆಗೂ. ನಾಲ್ಕು ಸಾಲು ಚಿತ್ರದ ಮೇಲೆ ಬರೆದು ಪೋಸ್ಟರ್ ಮಾಡಿ ಮಾರೋಕೂ ಇದು ಅನ್ವಯ ಆಗತ್ತೆ, ಎಲ್ಲರೂ ಮಾಡ್ತಾರೆ ಅನ್ನೋದು ಉತ್ತರ ಆಗಲ್ಲ. ವಚನ, ದಾಸರ ಪದ ಇವಕ್ಕೆ ಅಡ್ಡಿ ಇಲ್ಲ, ಆದ್ರೆ ಇತ್ತೀಚಿನ ವಿದ್ವಾಂಸರು ಬರೆದ ವ್ಯಾಖ್ಯಾನ ಅವರ ಸ್ವತ್ತು.

4. ಮೂಲ ತುಣುಕು ಆರಿಸೋದು

ನಿಮ್ಮ ಬೆಸ್ಟ್ ಕೆಲಸ ಕೊಡ್ಬೇಕು ಅಂತೇನಿಲ್ಲ, ಒಳಗೆ ಜಾಗ ಇರೋದನ್ನ ಕೊಡಿ. ಎಲ್ಲಾನೂ ಹೇಳಿಬಿಟ್ಟಿರೋ ಕಥೆಗೆ ಚಿತ್ರಕಾರ ಏನು ಸೇರಿಸ್ತಾನೆ? ಬರಹ ಆದ್ರೆ ಕವಿತೆ ಒಂದು ಪುಟ, ಗದ್ಯ 500 ಪದದೊಳಗೆ ಇರ್ಲಿ. ಚಿತ್ರ ಆದ್ರೆ ಒಂದೇ ಒಂದು. ಮೂರು ಕಳಿಸಿ "ಯಾವ್ದು ಇಷ್ಟ ಆಗತ್ತೋ ಅದಕ್ಕೆ ಬರೀರಿ" ಅಂದ್ರೆ ಬರಹಗಾರರಿಗೆ ಆರಿಸೋದ್ರಲ್ಲೇ ನಾಲ್ಕು ದಿನ ಹೋಗತ್ತೆ.

ಇನ್ನು ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳಿ ಅಂದ್ರೆ ಇದನ್ನ ಹೇಳ್ತೀನಿ: ತುಣುಕಿನ ಜೊತೆ ವಿವರಣೆ ಕಳಿಸ್ಬೇಡಿ. "ಇದು ನಮ್ಮಜ್ಜಿ ತೀರಿಕೊಂಡಾಗ ಬರೆದಿದ್ದು, ಇಲ್ಲಿ ಬಾವಿ ಅಂದ್ರೆ ನೆನಪು" ಅಂತ ಒಂದು ಸಾಲು ಬರೆದ್ರೂ ಸಾಕು, ಆಮೇಲೆ ಚಿತ್ರಕಾರರಿಗೆ ಬಾವಿ ಬಾವಿಯಾಗಿ ಕಾಣಲ್ಲ, ನಿಮ್ಮ ಅಜ್ಜಿಗೆ ಅಗೌರವ ಆಗ್ಬಾರ್ದು ಅನ್ನೋ ಸಂಕೋಚ ಸೇರ್ಕೊಂಡು ಒಂದು ಸಭ್ಯವಾದ, ಸತ್ತಿರೋ ಚಿತ್ರ ಬರತ್ತೆ. ಚಿತ್ರಕಾರರೂ ಅಷ್ಟೇ, ಚಿತ್ರದ ಶೀರ್ಷಿಕೆ ಕೂಡ ಮುಚ್ಚಿಡಿ. ಊರಿನ ಪದದ ಅರ್ಥ ಹೇಳೋದು ಬೇರೆ ವಿಷಯ, ಉತ್ತರ ಕರ್ನಾಟಕದ ಕವಿತೇಲಿ ಕಟ್ಟೆ ಅಂದ್ರೆ ಹೇಗಿರತ್ತೆ, ಕರಾವಳಿ ಕಥೇಲಿ ಚಾವಡಿ ಅಂದ್ರೆ ಮನೆಯ ಯಾವ ಭಾಗ ಅಂತ ಕೇಳಿದ್ರೆ ಧಾರಾಳವಾಗಿ ಹೇಳಿ, ಬೇಕಾದ್ರೆ ಫೋಟೋ ಕಳಿಸಿ.

5. ಕೂತು ನೋಡೋದು, ಆಮೇಲೆ ಕೆಲಸ

ಚಿತ್ರಕಾರರಿಗೆ: ಬರಹವನ್ನ ಮೂರು ಸಲ ಓದಿ, ಒಂದು ಸಲ ಗಟ್ಟಿಯಾಗಿ. ಎರಡನೇ ಸಲ ಕಣ್ಣಿಗೆ ಕಾಣೋ ವಸ್ತುಗಳಿಗೆಲ್ಲ ಗೆರೆ ಹಾಕಿ. ಮೂರನೇ ಸಲ, ಬರಹ ಯಾವುದನ್ನ ಹೇಳದೇ ಬಿಟ್ಟಿದೆ ಅಂತ ಹುಡುಕಿ. ಆಮೇಲೆ ಥಂಬ್‌ನೇಲ್ ಮಾಡಿ, ಅಂದ್ರೆ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕದಲ್ಲಿ ಅರ್ಧ ನಿಮಿಷದ ಕರಡು, ಎಂಟೋ ಹತ್ತೋ. ಮೊದಲ ಮೂರು ಕಥೇಲಿ ಇದ್ದಿದ್ದೇ ಬರತ್ತೆ, ಬರ್ಲಿ, ಅವು ಹೊರಗೆ ಬಂದ್ಮೇಲೇ ಬೇರೆಯದಕ್ಕೆ ದಾರಿ ಆಗೋದು.

ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಕಥೆ ಹೀಗಿದೆ ಅಂದ್ಕೊಳ್ಳಿ: ಹಾಸನ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಅಪ್ಪ ಹಲಸಿನ ತೊಳೆ ತುಂಬಿದ ಚೀಲ ಹಿಡ್ಕೊಂಡು ಹಾಸ್ಟೆಲಿಂದ ಬರೋ ಮಗಳಿಗೆ ಕಾಯ್ತಿದ್ದಾನೆ, ಮೂರು ಬಸ್ ಬಂತು, ಅವಳು ಇಳೀಲಿಲ್ಲ. ಅಪ್ಪ ಚೀಲ ಹಿಡ್ಕೊಂಡು ಕೂತಿರೋ ಚಿತ್ರ ಬರೆದ್ರೆ ಓದುಗರಿಗೆ ಆಗ್ಲೇ ಗೊತ್ತಿರೋದನ್ನ ಇನ್ನೊಂದು ಸಲ ಹೇಳಿದ ಹಾಗೆ. ಬೇರೆ ದಾರಿ ನೋಡಿ: ಖಾಲಿ ಸಿಮೆಂಟ್ ಬೆಂಚು, ಅದರ ಮೇಲೆ ಚೀಲ ಇಟ್ಟಿದ್ದ ಜಾಗದಲ್ಲಿ ಅಂಟುಅಂಟಾದ ಗುರುತು, ಅದಕ್ಕೆ ಮುತ್ತಿರೋ ಇರುವೆ. ಅಥವಾ ಅಪ್ಪ ಯಾವತ್ತೂ ನೋಡಿಲ್ಲದ ಆ ಹಾಸ್ಟೆಲ್ ರೂಮಿನ ಕಿಟಕಿ, ಲೈಟ್ ಉರೀತಿದೆ. ಈಗ ಕಥೆಗೂ ಚಿತ್ರಕ್ಕೂ ನಡುವೆ ಓದುಗರು ಕೂರೋಕೆ ಜಾಗ ಸಿಕ್ತು.

ರೆಫರೆನ್ಸ್ ಫೋಟೋ, ಅಂದ್ರೆ ಭಂಗಿ ಅಥವಾ ಜಾಗ ಸರಿಯಾಗಿ ಬರ್ಲಿ ಅಂತ ನೋಡ್ಕೊಂಡು ಬರೆಯೋ ಫೋಟೋ, ಆದಷ್ಟು ನೀವೇ ತೆಗೀರಿ. ಹುಡುಕಾಟದಲ್ಲಿ ಸಿಕ್ಕ ಫೋಟೋನ ಹಾಗೇ ಇಳಿಸಿದ್ರೆ ಅದು ಆ ಫೋಟೋಗ್ರಾಫರ್ ಕೆಲಸ, ಮುದ್ರಣಕ್ಕೆ ಹೋದ ಮೇಲೆ ಸಿಕ್ಕಿಬಿದ್ರೆ ಬರಹಗಾರರ ಹೆಸರೂ ಜೊತೆಗೇ ಹಾಳಾಗತ್ತೆ.

ಬರಹಗಾರರಿಗೆ: ಚಿತ್ರ ನೋಡಿ ಬರೆಯೋದಕ್ಕೆ ಎಕ್‌ಫ್ರಾಸಿಸ್ ಅಂತ ಗ್ರೀಕ್ ಹೆಸರಿದೆ, ಚಿತ್ರನೋ ಶಿಲ್ಪನೋ ನೋಡಿ ಅದನ್ನ ಮಾತಲ್ಲಿ ಹಿಡಿಯೋ ಬರಹ ಅಂತ ಅರ್ಥ. ಗಡಿಯಾರ ಇಟ್ಕೊಂಡು ಹತ್ತು ನಿಮಿಷ ಚಿತ್ರ ನೋಡಿ, ಪೆನ್ನು ಮುಟ್ಟಬೇಡಿ. ಹತ್ತು ನಿಮಿಷ ಬಹಳ ಉದ್ದ ಅನ್ಸತ್ತೆ, ನಾಲ್ಕನೇ ನಿಮಿಷಕ್ಕೆ ಎಲ್ಲಾ ನೋಡಾಯ್ತು ಅನ್ಸತ್ತೆ, ಏಳನೇ ನಿಮಿಷಕ್ಕೆ ಮೂಲೇಲಿ ಏನೋ ಕಾಣತ್ತೆ. ಆಮೇಲೆ ಕೇಳ್ಕೊಳ್ಳಿ: ಬೆಳಕು ಎಲ್ಲಿಂದ ಬರ್ತಿದೆ? ಚೌಕಟ್ಟಿನ ಆಚೆ ಏನಿದೆ? ಈ ಕ್ಷಣಕ್ಕೆ ಒಂದು ನಿಮಿಷ ಮುಂಚೆ ಏನಾಯ್ತು? ಇದನ್ನ ನೋಡ್ತಾ ನಿಂತಿರೋದು ಯಾರು?

ಅರ್ಧ ಸುಣ್ಣ ಬಳಿದ ಗೋಡೆ, ಒರಗಿಸಿದ ಏಣಿ, ಕೆಳಗೆ ಬಕೆಟ್ಟು ಇರೋ ಚಿತ್ರ ಬಂತು ಅಂದ್ಕೊಳ್ಳಿ. "ಗೋಡೆ ಅರ್ಧ ಬಿಳಿ, ಅರ್ಧ ಕಪ್ಪು, ನಮ್ಮ ಬದುಕೂ ಹೀಗೇ" ಅಂತ ಶುರು ಮಾಡಿದ್ರೆ ಅಲ್ಲಿಗೇ ನಿಲ್ಲಿಸಿ. ಏಣಿ ಇಳಿದು ಹೋದವನು ಯಾಕೆ ಹೋದ, ಯಾರು ಕೂಗಿದ್ರು, ಮನೇಲಿ ಮದುವೇನಾ ಇನ್ನೇನಾದ್ರೂನಾ, ಅಲ್ಲಿಂದ ಹಿಡೀರಿ. ನಿಮ್ಮ ಬರಹದಲ್ಲಿ ಗೋಡೆ ಬರ್ಲೇಬೇಕು ಅಂತ ಕೂಡ ಇಲ್ಲ.

ಇಬ್ಬರಿಗೂ ಒಂದೇ ಪರೀಕ್ಷೆ: ಮೂಲ ತುಣುಕು ನೋಡಿಲ್ಲದ ಯಾರಿಗಾದ್ರೂ ನಿಮ್ಮದನ್ನ ಮಾತ್ರ ತೋರಿಸಿ. ಅದು ಒಂಟಿಯಾಗಿ ನಿಲ್ಲತ್ತಾ? ನಿಂತ್ರೆ ಸರಿ. ಆಮೇಲೆ ಎರಡನ್ನೂ ಜೊತೇಲಿ ತೋರಿಸಿ, ಮೊದಲು ಕಾಣದ್ದು ಏನಾದ್ರೂ ಕಾಣ್ತಾ ಕೇಳಿ.

6. ಕರಡು ತೋರಿಸೋದು

ನಡುವೆ ಒಂದೇ ಒಂದು ಸಲ, ಅದೂ ವಾಸ್ತವದ ತಪ್ಪು ನೋಡೋಕೆ. ಕಥೇಲಿ ಎಡಗೈ ಇಲ್ಲದ ಮನುಷ್ಯನಿಗೆ ಚಿತ್ರದಲ್ಲಿ ಎರಡೂ ಕೈ ಬಂದಿದ್ರೆ ಹೇಳಿ. "ನಾನು ಅಂದ್ಕೊಂಡಿದ್ದು ಹೀಗಲ್ಲ, ಸ್ವಲ್ಪ ಹಸಿರು ಜಾಸ್ತಿ ಮಾಡಿ" ಅಂತ ಹೇಳ್ಬೇಡಿ, ನೀವು ಅಂದ್ಕೊಂಡಿದ್ದು ನಿಮ್ಮ ಹತ್ರ ಆಗ್ಲೇ ಇದೆಯಲ್ಲ. ಇಷ್ಟ ಆಗ್ಲಿಲ್ಲ ಅಂದ್ರೂ ಒಂದು ದಿನ ಬಿಟ್ಟು ಉತ್ತರ ಕೊಡಿ. ಹಾಗೇ, ಚಿತ್ರ ಬಂದ್ಮೇಲೆ ನಿಮ್ಮ ಮೂಲ ಕವಿತೇನ ಚಿತ್ರಕ್ಕೆ ಹೊಂದೋ ಹಾಗೆ ತಿದ್ದೋ ಆಸೆ ಬರತ್ತೆ, ತಿದ್ಬೇಡಿ, ಅವರು ಉತ್ತರ ಕೊಟ್ಟಿದ್ದು ಹಳೇ ಸಾಲಿಗೆ.

7. ಫೈಲುಗಳ ವಿಷಯ

ಚಿತ್ರ ಯಾವ ಸೈಜಲ್ಲಿ ಅಚ್ಚಾಗ್ಬೇಕೋ ಆ ಸೈಜಿಗೆ ಒಂದು ಇಂಚಿಗೆ 300 ಚುಕ್ಕಿ ಇರ್ಬೇಕು, ಇದಕ್ಕೇ ರೆಸಲ್ಯೂಶನ್ ಅನ್ನೋದು. ಎ4 ಆದ್ರೆ 2480 × 3508 ಪಿಕ್ಸೆಲ್. ಮೊದಲೇ ದೊಡ್ಡದಾಗಿ ಶುರು ಮಾಡಿ, ಆಮೇಲೆ ಹಿಗ್ಗಿಸಿದ್ರೆ ಮಸುಕಾಗತ್ತೆ. ಬಣ್ಣ ಪುಟದ ಅಂಚಿನವರೆಗೂ ಇದ್ರೆ ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದ್ರೆ ಕತ್ತರಿಸುವಾಗ ಹೋಗೋಕೆ ಅಂತ ಬಿಟ್ಟ ಹೆಚ್ಚುವರಿ ಬಣ್ಣ. ಪರದೆ ಮೇಲೆ ಹೊಳೆಯೋ ಹಸಿರು, ನೀಲಿ ಅಚ್ಚಿನಲ್ಲಿ ಮಂಕಾಗತ್ತೆ, ಒಂದು ಪ್ರಿಂಟ್ ತೆಗೆದು ನೋಡಿ.

ಪೇಪರ್ ಮೇಲಿನ ಚಿತ್ರಕ್ಕೆ ಸ್ಕ್ಯಾನರ್ ಒಳ್ಳೇದು, ಇಲ್ಲದಿದ್ರೆ ನೇರ ಬಿಸಿಲು ಬೀಳದ ಕಿಟಕಿ ಹತ್ರ ಬೆಳಗ್ಗೆ ಫೋಟೋ ತೆಗೀರಿ, ಫೋನಿನ ದಾಖಲೆ ಸ್ಕ್ಯಾನ್ ಮಾಡೋ ಆ್ಯಪ್ ಬೇಡ, ಅದು ತೆಳು ಬಣ್ಣನೆಲ್ಲ ಬಿಳಿ ಮಾಡಿಬಿಡತ್ತೆ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಕುಗ್ಗಿಹೋಗತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಬರಹ ಯೂನಿಕೋಡಲ್ಲಿ ಕಳಿಸಿ, ಅಂದ್ರೆ ಯಾವ ಕಂಪ್ಯೂಟರಲ್ಲಿ ತೆರೆದ್ರೂ ಕನ್ನಡವಾಗೇ ಕಾಣೋ ಅಕ್ಷರ ಪದ್ಧತಿಯಲ್ಲಿ. "ನುಡಿ" ಅಥವಾ "ಬರಹ" ಅನ್ನೋ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಅವರ ಕಂಪ್ಯೂಟರಲ್ಲಿ ಚಿತ್ರವಿಚಿತ್ರ ಅಕ್ಷರ ಆಗಿ ಕಾಣತ್ತೆ. ಜೊತೆಗೆ ಒಂದು ಪಿಡಿಎಫ್ ಕೂಡ ಕಳಿಸಿ, ಸಾಲು ಎಲ್ಲಿ ಮುರಿಯತ್ತೆ ಅನ್ನೋದು ಕವಿತೇಲಿ ಮುಖ್ಯ.

ಚಿತ್ರದೊಳಗೆ ಕನ್ನಡ ಅಕ್ಷರ ಹಾಕೋರಿಗೆ ದೊಡ್ಡ ತಲೆನೋವು ಒತ್ತಕ್ಷರ. ಹಳೇ ಆವೃತ್ತಿಯ ಫೋಟೋಶಾಪಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅನ್ನೋ ಕಡೆ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಮಾಡದಿದ್ರೆ ಒತ್ತು ಪಕ್ಕಕ್ಕೆ ಜಾರಿ ಕೂತ್ಕೊಳ್ಳತ್ತೆ, ಕನ್ನಡ ಓದೋಕೆ ಬರದ ಡಿಸೈನರಿಗೆ ಅದು ಗೊತ್ತೇ ಆಗಲ್ಲ. ಅಂತಿಮ ಫೈಲನ್ನ ಬರಹಗಾರರು ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಟ್ಟ ಮೇಲೇ ಮುಂದಕ್ಕೆ ಹೋಗಿ. ಫಾಂಟಿಗೂ ಲೈಸೆನ್ಸ್ ಇರತ್ತೆ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವು ಮುಕ್ತ ಲೈಸೆನ್ಸಲ್ಲಿ ಸಿಗ್ತವೆ, ಪುಸ್ತಕಕ್ಕೂ ಬಳಸ್ಬಹುದು.

8. ಹೊರಗೆ ಬಿಡೋದು

ಇಬ್ಬರೂ ಒಂದೇ ದಿನ, ಒಂದೇ ಗಂಟೆಗೆ ಹಾಕಿ. ಒಬ್ಬರು ಖುಷೀಲಿ ಎರಡು ದಿನ ಮುಂಚೆ ಹಾಕಿಬಿಟ್ರೆ ಇನ್ನೊಬ್ಬರದ್ದು ಹಳಸಿದ ಹಾಗಾಗತ್ತೆ. ಹೆಸರು ಹಾಕುವಾಗ "ಬರಹ" "ಚಿತ್ರ" ಅಂತ ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ ಇರ್ಲಿ, ಯಾವುದಕ್ಕೆ ಯಾವುದು ಉತ್ತರ ಅಂತಲೂ ಬರೀರಿ. ಕಥೆಗಾರರ ಹೆಸರು ದಪ್ಪಕ್ಷರದಲ್ಲಿ, ಚಿತ್ರಕಾರರದ್ದು ಕೆಳಗೆ ಇರುವೆ ಸಾಲಿನ ಹಾಗೆ, ಇದನ್ನ ನೋಡಿದ್ರೆ ನನಗೆ ಈಗಲೂ ಸಂಕಟ ಆಗತ್ತೆ. ಹಂಚ್ಕೊಳ್ಳೋರು ಹೆಸರು ಕತ್ತರಿಸಿ ಹಾಕ್ತಾರೆ, ಅದಕ್ಕೆ ಸಹಿ ಚಿತ್ರದ ಅಂಚಲ್ಲಿ ಬೇಡ, ಒಳಗಡೆ ಗೆರೆಗಳ ನಡುವೆ ಇರ್ಲಿ.

ಬೇರೆಯವರೂ ಬಳಸ್ಲಿ ಅಂತಿದ್ರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕ್ಬಹುದು, ಅಂದ್ರೆ ಇಂಥ ಷರತ್ತಿಗೆ ಒಳಪಟ್ಟು ಯಾರು ಬೇಕಾದ್ರೂ ಬಳಸಿ ಅಂತ ಮೊದಲೇ ಕೊಟ್ಟ ಅನುಮತಿ. ಅದರಲ್ಲಿ ಎನ್‌ಡಿ ಅಂತ ಇರೋದನ್ನ ಆರಿಸಿದ್ರೆ ನಿಮ್ಮ ಕೃತಿಯನ್ನ ಮಾರ್ಪಡಿಸಿ ಯಾರೂ ಹಂಚೋ ಹಾಗಿಲ್ಲ, ಮುಂದೆ ಮೂರನೆಯವರು ನಿಮ್ಮ ಜೋಡಿಗೆ ಸೇರ್ಕೊಳ್ಳಲಿ ಅಂತ ಆಸೆ ಇದ್ರೆ ಅದು ಬೇಡ. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳೋಕಾಗಲ್ಲ, ಇಬ್ಬರೂ ಒಪ್ಪಿದ ಮೇಲೇ ಹಾಕಿ.

ಕಡೇದು, ಪೇಪರ್ ಮೇಲೆ ಮಾಡಿದ ಚಿತ್ರ ಆದ್ರೆ ಆ ಪೇಪರ್ ಯಾರ ಮನೆಗೆ ಹೋಗತ್ತೆ ಅಂತ ಕೇಳ್ಕೊಳ್ಳಿ. ಚಿತ್ರಕಾರರು ಪ್ರೀತಿಯಿಂದ ಕೊಟ್ರೆ ಪೇಪರ್ ನಿಮ್ಮದು, ಅದನ್ನ ಅಚ್ಚು ಹಾಕೋ ಹಕ್ಕು ಅವರದ್ದೇ. ಕೊರಿಯರಲ್ಲಿ ಕಳಿಸೋದಾದ್ರೆ ಸುರುಳಿ ಸುತ್ತಬೇಡಿ, ಎರಡು ದಪ್ಪ ರಟ್ಟಿನ ನಡುವೆ ಬಟರ್ ಪೇಪರ್ ಇಟ್ಟು, ಮಳೆಗಾಲ ಆದ್ರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಟೇಪ್ ಹಚ್ಚಿ, ಕಳಿಸೋಕೆ ಮುಂಚೆ ಒಂದು ಒಳ್ಳೆ ಸ್ಕ್ಯಾನ್ ತೆಗೆದಿಟ್ಕೊಳ್ಳಿ.